ಜಾಗ ಚಿಕ್ಕದಿದ್ದರೆ ಮೊದಲು ತಿರುವು, ಆಮೇಲೆ ರೈಲು

ಮನೆಯಲ್ಲಿ ಮಾದರಿ ರೈಲು ಓಡಿಸಬೇಕು ಅಂತ ಆಸೆಪಡುವವರು ಸಾಮಾನ್ಯವಾಗಿ ಮೊದಲು ಇಂಜಿನ್ ಕೊಳ್ಳುತ್ತಾರೆ. ಆಮೇಲೆ ಉದ್ದುದ್ದ ಬೋಗಿಗಳು ಬರುತ್ತವೆ. ಹಲಗೆ ಎಲ್ಲಿಡೋದು, ಎಷ್ಟು ಅಗಲ ಅನ್ನುವ ಯೋಚನೆ ಕೊನೆಗೆ. ಜಾಗ ಚಿಕ್ಕದಿದ್ದರೆ ಈ ಕ್ರಮವನ್ನು ತಿರುಗಿಸಿಬಿಡಿ. ಮೊದಲು ಹಲಗೆ ಅಳೆಯಿರಿ. ಅದರಲ್ಲಿ ಎಷ್ಟು ದೊಡ್ಡ ತಿರುವು ಹಿಡಿಸುತ್ತದೆ ನೋಡಿ. ಆ ತಿರುವಿನಲ್ಲಿ ಸುಖವಾಗಿ ಓಡುವ ಬೋಗಿಗಳನ್ನು ಮಾತ್ರ ತನ್ನಿ. ತೊಂದರೆಯ ಮುಕ್ಕಾಲು ಪಾಲು ಅಲ್ಲೇ ತಪ್ಪುತ್ತದೆ.

ತಿರುವಿನ ತ್ರಿಜ್ಯವನ್ನು ವೃತ್ತದ ನಡುವಿನಿಂದ ಎರಡು ಹಳಿಗಳ ಮಧ್ಯದ ಗೆರೆಯವರೆಗೆ ಅಳೆಯುತ್ತಾರೆ. ಹಲಗೆಯ ಅಗಲಕ್ಕೆ ಅದರ ಎರಡರಷ್ಟು ಸಾಕು ಅಂದುಕೊಳ್ಳಬೇಡಿ. ಎಚ್‌ಒ ಅಳತೆಯಲ್ಲಿ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಮಾದರಿಯಲ್ಲಿ, 18 ಇಂಚಿನ ತಿರುವು ತುಂಬಾ ಬಳಕೆಯಲ್ಲಿದೆ. ಅದು 457 ಮಿ.ಮೀ. ಅರ್ಧ ವೃತ್ತ ತಿರುಗಿ ಬರುವಷ್ಟರಲ್ಲಿ 914 ಮಿ.ಮೀ. ಆಯಿತು. ಅದಕ್ಕೆ ಹಳಿಯ ಕೆಳಗಿನ ಸ್ಲೀಪರಿನ ಅಗಲ ಸೇರಿಸಿ. ರೈಲು ಹಳಿ ತಪ್ಪಿದರೂ ನೆಲಕ್ಕೆ ಬೀಳದಂತೆ ಎರಡೂ ಕಡೆ 5 ಸೆಂ.ಮೀ. ಬಿಡಿ. ಆಗ ಹಲಗೆ ಒಂದು ಮೀಟರ್ ದಾಟುತ್ತದೆ. 90 ಸೆಂ.ಮೀ. ಮೇಜು ಇರುವವರು ಇದನ್ನು ಕೂರಿಸೋಕೆ ಒದ್ದಾಡುವುದಕ್ಕಿಂತ ಅದಕ್ಕಿಂತ ಚಿಕ್ಕದಾದ ಎನ್ ಅಳತೆಗೆ ಹೋಗುವುದು ಒಳ್ಳೆಯದು. ಅಲ್ಲಿ ಹಳಿಗಳ ನಡುವೆ 9 ಮಿ.ಮೀ. ಅಷ್ಟೇ. 249 ಮಿ.ಮೀ. ತಿರುವಿಗೆ 65 ಸೆಂ.ಮೀ. ಹಲಗೆ ಧಾರಾಳವಾಗಿ ಸಾಕು.

ಈಗ ಮುಖ್ಯ ಲೆಕ್ಕ. ನಿಮ್ಮ ಹತ್ತಿರ ಇರುವ ಅತಿ ಉದ್ದದ ಬೋಗಿಯನ್ನು ಸ್ಕೇಲ್ ಇಟ್ಟು ಅಳೆಯಿರಿ. ತಿರುವಿನ ತ್ರಿಜ್ಯ ಅದರ ಮೂರು ಪಟ್ಟಾದರೂ ಇರಲಿ. ಎರಡು ಪಟ್ಟಿದ್ದರೆ ಕೆಲವು ಬೋಗಿಗಳು ಓಡುತ್ತವೆ, ಕೆಲವು ಓಡುವುದಿಲ್ಲ, ಓಡಿದವೂ ಆಗಾಗ ಹಳಿ ತಪ್ಪುತ್ತವೆ. ನಾಲ್ಕೈದು ಪಟ್ಟಿದ್ದರೆ ನೋಡೋಕೂ ಚೆಂದ. ಎಚ್‌ಒದಲ್ಲಿ ಪೂರ್ತಿ ಉದ್ದದ ಪ್ರಯಾಣಿಕರ ಬೋಗಿ ಸುಮಾರು 30 ಸೆಂ.ಮೀ. ಇರುತ್ತದೆ. ಅದರ ಮೂರು ಪಟ್ಟು 90 ಸೆಂ.ಮೀ. ಅಷ್ಟು ತ್ರಿಜ್ಯಕ್ಕೆ ಸುಮಾರು ಎರಡು ಮೀಟರ್ ಅಗಲದ ಹಲಗೆ ಬೇಕು. ಚಿಕ್ಕ ಮನೆಯಲ್ಲಿ ಅದು ಆಗದ ಮಾತು ಅಲ್ವಾ? ಅದೇ 15 ಸೆಂ.ಮೀ. ಸರಕು ಬೋಗಿಯಾದರೆ 45 ಸೆಂ.ಮೀ. ಸಾಕು. 18 ಇಂಚಿನ ತಿರುವು ಅದಕ್ಕೆ ಸರಿಯಾಗಿ ಹೊಂದುತ್ತದೆ. ಅದಕ್ಕೇ ನಾನು ಯಾರು ಕೇಳಿದರೂ ಚಿಕ್ಕ ಇಂಜಿನ್, ಗಿಡ್ಡ ಬೋಗಿ ಅಂತಲೇ ಹೇಳುವುದು. ಸಣ್ಣ ಜಾಗದಲ್ಲಿ ಗಿಡ್ಡ ರೈಲು ಉದ್ದವಾಗಿಯೇ ಕಾಣುತ್ತದೆ. ಉದ್ದ ಬೋಗಿ ಅಲ್ಲಿ ಸುಮ್ನೆ ಇಕ್ಕಟ್ಟು.

ಬೋಗಿ ತಿರುಗುವಾಗ ಅದರ ಮಧ್ಯಭಾಗ ತಿರುವಿನ ಒಳಗಡೆಗೆ ಚಾಚುತ್ತದೆ, ಎರಡು ತುದಿಗಳು ಹೊರಗಡೆಗೆ ಚಾಚುತ್ತವೆ. ಎಷ್ಟು ಅಂತ ಮೊದಲೇ ಲೆಕ್ಕ ಹಾಕಬಹುದು. ಮುಂದಿನ ಚಕ್ರಗಳ ಸೆಟ್ಟು ತಿರುಗುವ ಪಿನ್ನಿನಿಂದ ಹಿಂದಿನದರ ಪಿನ್ನಿನವರೆಗೆ ಅಳೆಯಿರಿ. ಆ ಅಳತೆಯನ್ನು ಅದರಿಂದಲೇ ಗುಣಿಸಿ, ತ್ರಿಜ್ಯದ ಎಂಟು ಪಟ್ಟಿನಿಂದ ಭಾಗಿಸಿ. ಪಿನ್ನುಗಳ ನಡುವೆ 210 ಮಿ.ಮೀ. ಇರುವ ಬೋಗಿ 457ರ ತಿರುವಿನಲ್ಲಿ 12 ಮಿ.ಮೀ. ಒಳಗೆ ಬರುತ್ತದೆ. ಬೋಗಿಯ ಒಟ್ಟು ಉದ್ದ 298 ಮಿ.ಮೀ. ಆದರೆ ತುದಿಗಳೂ ಸುಮಾರು ಅಷ್ಟೇ ಹೊರಗೆ ಹೋಗುತ್ತವೆ. ಪಕ್ಕದಲ್ಲಿ ಎರಡನೇ ಹಳಿ ಇದ್ದರೆ ಒಳಗಿನ ರೈಲಿನ ತುದಿ, ಹೊರಗಿನ ರೈಲಿನ ಹೊಟ್ಟೆ ಒಂದಕ್ಕೊಂದು ಎದುರಾಗುತ್ತವೆ. ಅಂದರೆ ನೇರ ಹಾದಿಗಿಂತ 24 ಮಿ.ಮೀ. ಜಾಸ್ತಿ ಅಂತರ ಬೇಕು. ಪ್ಲಾಟ್‌ಫಾರಂ, ಸುರಂಗದ ಬಾಯಿ, ಕಂಬಗಳಿಗೂ ಇದೇ ಮಾತು. ಲೆಕ್ಕ ಬೇಡ ಅನ್ನುವವರು ಬೋಗಿಯ ಮಧ್ಯಕ್ಕೆ ಮತ್ತು ತುದಿಗೆ ಪೆನ್ಸಿಲ್ ಚೂರು ಅಂಟಿಸಿ, ಕೆಳಗೆ ಕಾಗದ ಹಾಸಿ, ಕೈಯಲ್ಲಿ ತಳ್ಳಿಕೊಂಡು ಹೋಗಲಿ. ಬಿದ್ದ ಗೆರೆಗಳ ನಡುವೆ ಏನನ್ನೂ ಕಟ್ಟಬಾರದು.

ಚಿಕ್ಕ ಹಲಗೆಯಲ್ಲಿ ಕಣ್ಣಿಗೆ ಬೀಳದ ಇನ್ನೊಂದು ತಂಟೆ ಇದೆ. ಎಡಕ್ಕೆ ತಿರುಗಿದ ಹಳಿ ಕೂಡಲೇ ಬಲಕ್ಕೆ ತಿರುಗುವುದು. ಆಗ ಒಂದು ಬೋಗಿಯ ತುದಿ ಒಂದು ಕಡೆಗೂ ಅದರ ಹಿಂದಿನ ಬೋಗಿಯ ತುದಿ ಇನ್ನೊಂದು ಕಡೆಗೂ ಚಾಚುತ್ತವೆ. ನಡುವಿನ ಕಪ್ಲಿಂಗ್ ಅಡ್ಡಕ್ಕೆ ಎಳೆದು ಬೋಗಿಯನ್ನು ಹಳಿಯಿಂದ ಎತ್ತಿಬಿಡುತ್ತದೆ. ಎರಡು ತಿರುವುಗಳ ನಡುವೆ ಅತಿ ಉದ್ದದ ಬೋಗಿಯಷ್ಟು ನೇರ ಹಳಿ ಬಿಟ್ಟರೆ ಈ ಕಾಟ ನಿಲ್ಲುತ್ತದೆ. ಪಾಯಿಂಟುಗಳ, ಅಂದರೆ ಒಂದು ಹಳಿ ಎರಡಾಗಿ ಕವಲೊಡೆಯುವ ಜಾಗಗಳ, ಹತ್ತಿರ ಜಾಸ್ತಿ ಹುಷಾರಾಗಿರಿ. ಪಾಯಿಂಟ್ ಕೂಡ ಒಂದು ತಿರುವೇ, ಅದು ಸೇರಿ ಉಲ್ಟಾ ತಿರುವು ಆಗಿರುವುದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ.

ನೇರ ಹಳಿಯಿಂದ ಒಮ್ಮೆಲೇ ಬಿಗಿ ತಿರುವಿಗೆ ನುಗ್ಗಿದರೆ ರೈಲು ಪಕ್ಕಕ್ಕೆ ತಳ್ಳಿದಂತೆ ಜರ್ಕ್ ಹೊಡೆಯುತ್ತದೆ. ಇದಕ್ಕೆ ಮದ್ದು ಸುಲಭ. ತಿರುವಿನ ವೃತ್ತವನ್ನು ನೇರ ಗೆರೆಗೆ ತಾಗಿಸದೆ 8ರಿಂದ 10 ಮಿ.ಮೀ. ಒಳಕ್ಕೆ ಎಳೆಯಿರಿ. ವೃತ್ತ ಗೆರೆಗೆ ಹತ್ತಿರ ಬರುವ ಜಾಗದಿಂದ ಹಿಂದೆ ನೇರ ಗೆರೆಯಲ್ಲಿ 15 ಸೆಂ.ಮೀ., ಮುಂದೆ ತಿರುವಿನಲ್ಲಿ 15 ಸೆಂ.ಮೀ. ಗುರುತು ಮಾಡಿ. ತೆಳ್ಳಗಿನ ಮರದ ಪಟ್ಟಿಯನ್ನು ಎರಡು ಗುರುತುಗಳ ನಡುವೆ ಬಾಗಿಸಿ ಹಿಡಿದು, ಅದರ ಅಂಚಿಗೆ ಗೆರೆ ಹಾಕಿ. ಪಟ್ಟಿ ತಾನಾಗಿಯೇ ಸರಿಯಾದ ಬಾಗು ಕೊಡುತ್ತದೆ. ಈ ಅಳತೆ 18 ಇಂಚಿನ ಆಸುಪಾಸಿನ ತಿರುವಿಗೆ. ಹಲಗೆಯಲ್ಲಿ ಒಂದು ಸೆಂಟಿಮೀಟರ್ ಹೋದರೂ ಬೇಜಾರು ಮಾಡಿಕೊಳ್ಳಬೇಡಿ. ಸ್ವಲ್ಪ ದೊಡ್ಡ ತ್ರಿಜ್ಯದ ತಿರುವಿಗಿಂತ ಹೀಗೆ ನಿಧಾನವಾಗಿ ಶುರುವಾಗುವ ಚಿಕ್ಕ ತಿರುವಿನಲ್ಲೇ ರೈಲು ನಯವಾಗಿ ಓಡುತ್ತದೆ.

ವೃತ್ತ ಬರೆಯೋಕೆ ದಾರ ಬಳಸಬೇಡಿ, ಅದು ಹಿಗ್ಗುತ್ತದೆ. ಉದ್ದನೆಯ ಮರದ ಪಟ್ಟಿಯ ಒಂದು ತುದಿಗೆ ಮೊಳೆ, ಬೇಕಾದ ದೂರಕ್ಕೆ ಪೆನ್ಸಿಲ್ ತೂರುವ ತೂತು, ಅಷ್ಟೇ ಸಾಕು.

ಬಾಗಿಸುವ ಫ್ಲೆಕ್ಸ್ ಹಳಿ ಹಾಕುವಾಗ ಜೋಡಣೆ ತಿರುವಿನ ಮಧ್ಯೆ ಬಂದರೆ ಅಲ್ಲಿ ಹಳಿ ಮೂಲೆಯಾಗಿ ಮುರಿದಂತೆ ನಿಲ್ಲುತ್ತದೆ. ಎರಡು ತುಂಡುಗಳನ್ನು ನೇರವಾಗಿಟ್ಟು ಬೆಸುಗೆ ಹಾಕಿ, ಆಮೇಲೆ ಬಾಗಿಸಿ. ಬಾಗಿಸಿದಾಗ ಒಳಗಿನ ಹಳಿ ತುದಿಯಲ್ಲಿ ಮುಂದೆ ಬರುತ್ತದೆ. ಅದನ್ನು ಕತ್ತರಿಸಿ ಅರದಿಂದ ಉಜ್ಜಿ. ಬಿಸಿಲು ಕಾಲದಲ್ಲಿ ಹಳಿ ಹಿಗ್ಗುವುದಕ್ಕೆ ನೇರ ಭಾಗದಲ್ಲಿ ಚಿಕ್ಕ ಸಂದು ಬಿಟ್ಟಿರಿ.

ಬಿಗಿ ತಿರುವಿನಲ್ಲಿ ಏರು ಕೊಡಬೇಡಿ. ತಿರುವಿನಲ್ಲಿ ಚಕ್ರ ಹಳಿಗೆ ಉಜ್ಜುವುದರಿಂದಲೇ ಇಂಜಿನ್‌ಗೆ ಭಾರ ಹೆಚ್ಚಾಗಿರುತ್ತದೆ. ಉದ್ದ ರೈಲಾದರೆ ಹಗುರ ಬೋಗಿಗಳನ್ನು ಇಂಜಿನ್ ಹಿಂದೆಯೇ ಕಟ್ಟಬೇಡಿ. ಹಿಂದಿನ ಭಾರದ ಎಳೆತಕ್ಕೆ ಅವು ತಿರುವಿನ ಒಳಗಡೆಗೆ ಮಗುಚುತ್ತವೆ. ಭಾರದವು ಮುಂದೆ, ಹಗುರದವು ಹಿಂದೆ.

ಬಿಗಿ ತಿರುವು ಕಣ್ಣಿಗೆ ಆಟಿಕೆಯಂತೆ ಕಾಣದಿರಲು ಅದರ ಮುಂದೆ ಒಂದು ಗುಡ್ಡ, ಮರಗಳ ಸಾಲು ಅಥವಾ ಕಟ್ಟಡ ಇಡಿ. ನೋಡುವವರು ತಿರುವಿನ ಒಳಗಡೆ ನಿಂತು ನೋಡುವಂತೆ ಹಲಗೆ ಇಟ್ಟರೆ ಇನ್ನೂ ಒಳ್ಳೆಯದು, ಅದೇ ತಿರುವು ಆಗ ದೊಡ್ಡದಾಗಿ ಕಾಣುತ್ತದೆ. ಸುರಂಗದೊಳಗೆ ತಿರುವು ಅಡಗಿಸಿದರೆ ಹಿಂದಿನಿಂದ ಕೈ ಹಾಕುವಷ್ಟು ಬಾಗಿಲು ಬಿಡಿ. ಹಳಿ ತಪ್ಪಿದ ಬೋಗಿಗೆ ಕೈ ಎಟುಕದಿದ್ದರೆ ಗುಡ್ಡವನ್ನೇ ಕೀಳಬೇಕಾಗುತ್ತದೆ.

ಅಂಟು ಹಾಕುವ ಮುನ್ನ ಹಳಿಯನ್ನು ಪಿನ್ನಿನಿಂದ ಮಾತ್ರ ನಿಲ್ಲಿಸಿ. ಇರುವ ಎಲ್ಲ ಬೋಗಿಗಳನ್ನೂ ಕಟ್ಟಿ, ನಿಧಾನವಾಗಿ ಮುಂದಕ್ಕೆ ಓಡಿಸಿ. ಆಮೇಲೆ ಹಿಂದಕ್ಕೆ ತಳ್ಳಿಸಿ. ಮುಂದಕ್ಕೆ ಸರಿಯಾಗಿ ಹೋಗುವ ರೈಲು ಹಿಂದಕ್ಕೆ ತಳ್ಳುವಾಗ ಹಳಿ ತಪ್ಪುವುದು ತುಂಬಾ ಸಾಮಾನ್ಯ. ತಪ್ಪಿದ ಜಾಗಕ್ಕೆ ಗುರುತು ಹಾಕಿ, ಅದೇ ಬೋಗಿ ಬೇರೆ ಕಡೆಯೂ ತಪ್ಪುತ್ತದೆಯೇ ನೋಡಿ. ಎಲ್ಲ ಬೋಗಿಗಳೂ ಒಂದೇ ಕಡೆ ತಪ್ಪಿದರೆ ಹಳಿ ಸರಿಮಾಡಬೇಕು. ಒಂದೇ ಬೋಗಿ ಎಲ್ಲ ಕಡೆ ತಪ್ಪಿದರೆ ಅದರ ಚಕ್ರಗಳ ಅಂತರ ಮತ್ತು ಕಪ್ಲಿಂಗ್ ನೋಡಬೇಕು.