ಅಮ್ಮನ ತಲೆಯಲ್ಲಿರುವ ಮನೆಯನ್ನು ಪುಸ್ತಕಕ್ಕೆ ಇಳಿಸುವ ಬಗೆ

ಡೈರಿಯಿಂದ ಹಾಲಿನ ದುಡ್ಡಿನ ಬಟವಾಡೆ ಯಾವತ್ತು, ಬೀಗರ ಮನೆ ಮದುವೆಗೆ ಎಷ್ಟು ಮುಯ್ಯಿ (ಶುಭಕಾರ್ಯದಲ್ಲಿ ಕೊಟ್ಟು, ಮುಂದೆ ತೀರಿಸುವ ಉಡುಗೊರೆ), ಅಜ್ಜಿಯ ಬಿಪಿ ಮಾತ್ರೆ ಇನ್ನೆಷ್ಟು ದಿನಕ್ಕೆ ಬರುತ್ತೆ, ಸೋದರತ್ತೆಗೆ ಗೌರಿ ಬಾಗಿನ ಯಾರ ಕೈಲಿ ಕಳಿಸಬೇಕು. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಸೀಮೆಯ ಬಹುಪಾಲು ಮನೆಗಳಲ್ಲಿ ಇದು ಯಾವ ಕಾಗದದಲ್ಲೂ ಇಲ್ಲ, ಅಮ್ಮನ ತಲೆಯಲ್ಲಿದೆ. ಆಕೆ ಮಂಡಿ ಆಪರೇಷನ್ ಆಗಿ ಆರು ವಾರ ಮಲಗಿದರೆ ಮೊದಲ ವಾರ ಅಡುಗೆ ಕೆಡುತ್ತದೆ, ಎರಡನೇ ವಾರ ಲೆಕ್ಕ ತಪ್ಪುತ್ತದೆ, ನಾಲ್ಕನೇ ವಾರಕ್ಕೆ ಯಾರೋ ನೆಂಟರು ಮುನಿಸಿಕೊಂಡಿರುತ್ತಾರೆ. ಆಕೆ ಗಟ್ಟಿಯಾಗಿರುವಾಗಲೇ ಇದನ್ನೆಲ್ಲ ಬರೆದಿಡಬೇಕು. ಬರೆದ ಮೇಲೆ ಆ ಕೆಲಸವನ್ನು ಹಂಚಿಕೊಳ್ಳಬೇಕು. ಹೇಗೆ ಎಂಬುದು ಇಲ್ಲಿದೆ.

ಬೇಕಾದ್ದು 200 ಪುಟದ, ಗಟ್ಟಿ ರಟ್ಟಿನ ಒಂದು ಉದ್ದ ನೋಟ್‌ಬುಕ್, ದಾರ ಕಟ್ಟಿದ ಒಂದು ಪೆನ್ನು. ದೇವರ ಮನೆಯ ಪಕ್ಕವೋ, ಕ್ಯಾಲೆಂಡರ್ ನೇತುಹಾಕಿದ ಮೊಳೆಯ ಹತ್ತಿರವೋ ಇಡಿ. ಬೀರುವಿನೊಳಗೆ ಇಟ್ಟರೆ ಯಾರೂ ತೆಗೆಯುವುದಿಲ್ಲ. ಫೋನಿನಲ್ಲಿ ಬರೆದರಾಗದೇ ಎಂದು ಮಗ ಕೇಳುತ್ತಾನೆ. ಫೋನು ಅವನ ಜೇಬಿನಲ್ಲಿ ಬೆಂಗಳೂರಿಗೆ ಹೋಗುತ್ತದೆ, ಪುಸ್ತಕ ಮನೆಯಲ್ಲೇ ಇರುತ್ತದೆ. ಅಮ್ಮನಿಗೆ ಓದು ಬರಹ ಬಾರದಿದ್ದರೆ ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅವತ್ತೇ ರಾತ್ರಿ ಹೈಸ್ಕೂಲಿನ ಮಗುವಿನ ಕೈಲಿ ಬರೆಸಿ. ಕೋಲಾರದ ಕಡೆ ಮನೆಮಾತು ತೆಲುಗಾಗಿದ್ದು ಲೆಕ್ಕ ಮಾತ್ರ ಕನ್ನಡದಲ್ಲಿ ಬರೆಯುವ ಮನೆಗಳು ಬೇಕಾದಷ್ಟಿವೆ. ಅಮ್ಮ ಹೇಳಿದ ಪದವನ್ನು ಹಾಗೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ, ಅನುವಾದ ಮಾಡಲು ಹೋಗಬೇಡಿ.

ಪುಟಗಳನ್ನು ಸಮವಾಗಿ ಹಂಚಬೇಡಿ. ಮುಯ್ಯಿಗೆ 60 ಪುಟ ಬಿಡಿ, ದುಡ್ಡಿಗೆ 40, ದಿನಚರಿ ಮತ್ತು ಅಡುಗೆಗೆ 30. ಉಳಿದದ್ದು ಹಬ್ಬ, ಕಾಗದಪತ್ರ, ಆರೋಗ್ಯಕ್ಕೆ.

ಕೇಳುವುದು ಯಾವಾಗ, ಹೇಗೆ

ಪೆನ್ನು ಹಿಡಿದು ಎದುರಿಗೆ ಕೂತು "ಹೇಳಮ್ಮ" ಎಂದರೆ ಏನೂ ಬರುವುದಿಲ್ಲ. "ಅದರಲ್ಲೇನಿದೆ, ನಂಗೆ ಗೊತ್ತಲ್ಲ" ಎಂದು ಎದ್ದು ಹೋಗುತ್ತಾರೆ. ಕೈಗೆ ಕೆಲಸವಿದ್ದಾಗ ಬಾಯಿ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ಅತ್ಯುತ್ತಮ ಹೊತ್ತು ಡಿಸೆಂಬರ್, ಜನವರಿಯ ಸೊಗಡವರೆ ಕಾಲ. ಅವರೆಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಅಗಲವಾದ ತಟ್ಟೆ ಇಟ್ಟುಕೊಂಡು ಮನೆಯವರೆಲ್ಲ ಸುತ್ತ ಕೂರಿ. ಹೆಬ್ಬೆರಳು, ತೋರುಬೆರಳ ನಡುವೆ ಕಾಳನ್ನಿಟ್ಟು ಅದುಮಿದರೆ ಬೇಳೆ ಜಾರಿ ತಟ್ಟೆಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ಆರು ಜನಕ್ಕೆ ಸಾಲುವಷ್ಟು ಹಿತಕಿದ ಬೇಳೆಗೆ ಮೂರು ಜನ ಕೂತರೂ ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆಯಲ್ಲಿ ಬರುವ ಮಾತು ಬೇರೆ ದಿನ ಒಂದು ತಿಂಗಳು ಕೇಳಿದರೂ ಬರುವುದಿಲ್ಲ. ತುಮಕೂರಿನ ಕಡೆಯವರಿಗೆ ಬೇಸಿಗೆ ಶುರುವಿನಲ್ಲಿ ಹುಣಸೆಹಣ್ಣು ಬಿಡಿಸುವ ದಿನಗಳೂ ಹೀಗೇ.

ಕೇಳುವ ಪ್ರಶ್ನೆಯನ್ನು ಎಚ್ಚರದಿಂದ ಆರಿಸಿಕೊಳ್ಳಿ. "ನೀನು ಇಲ್ಲದಿದ್ರೆ ಏನ್ಮಾಡೋದು" ಎಂದರೆ "ಬಿಡ್ತು ಅನ್ನು" ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. "ಮಗಳ ಬಾಣಂತನಕ್ಕೆ ಅಂತ ಮೂರು ತಿಂಗಳು ಬೆಂಗಳೂರಿಗೆ ಹೋದೆ ಅಂದ್ಕೋ, ಇಲ್ಲಿ ಮೊದಲು ಯಾವುದು ಕೆಡುತ್ತೆ?" ಎಂದು ಕೇಳಿ. ತಕ್ಷಣ ಪಟ್ಟಿ ಬರುತ್ತದೆ, ಅದೂ ಮುಖ್ಯವಾದದ್ದು ಮೊದಲು ಎಂಬ ಕ್ರಮದಲ್ಲೇ ಬರುತ್ತದೆ.

ಮೂರು ದಿನ ನೋಡಿ ಬರೆಯಿರಿ

ಅಮ್ಮ ಹೇಳುವ ಪಟ್ಟಿ ಸಾಲದು. ಎಷ್ಟೋ ಕೆಲಸ ಅವರಿಗೇ ಕೆಲಸ ಎಂದು ತೋರುವುದಿಲ್ಲ. ಒಂದು ಮಾಮೂಲಿ ದಿನ, ಒಂದು ಸಂತೆ ದಿನ, ನೆಂಟರು ಬರುವ ಒಂದು ದಿನ, ಹೀಗೆ ಮೂರು ದಿನ ಎದ್ದಾಗಿನಿಂದ ಮಲಗುವವರೆಗೆ ಗಂಟೆ ಹಾಕಿ ಬರೆಯಿರಿ. ಸಗಣಿ ಬಾಚುವುದು, ಹಾಲು ಕರೆದು ಡೈರಿಗೆ ಹಾಕುವುದು, ಶುದ್ಧ ನೀರಿನ ಘಟಕದಿಂದ 20 ಲೀಟರ್ ಕ್ಯಾನು ತರುವುದು ಕಣ್ಣಿಗೆ ಬೀಳುತ್ತವೆ. (ನಮ್ಮ ಮೂರೂ ಜಿಲ್ಲೆಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ತೊಂದರೆ ಇರುವುದರಿಂದ ಈ ನೀರಿನ ಕೆಲಸವನ್ನು ಒಂದು ದಿನವೂ ಬಿಡುವಂತಿಲ್ಲ.) ಕಣ್ಣಿಗೆ ಬೀಳದ್ದನ್ನು ಹುಡುಕಿ ಬರೆಯಿರಿ: ಅಜ್ಜಿ ಊಟ ಮಾಡಿದಳೋ ಇಲ್ಲವೋ ಎಂದು ತಟ್ಟೆ ನೋಡುವುದು, ಮುನಿಸಿಕೊಂಡ ಮಗನಿಗೆ ಅಪ್ಪನ ಪರವಾಗಿ ಫೋನು ಮಾಡುವುದು, ಓರಗಿತ್ತಿಯ ಮನೆಗೆ ಒಂದು ಬಟ್ಟಲು ಸಾರು ಕಳಿಸುವುದು. ಆ ಸಾರಿನ ಬಟ್ಟಲು ನಿಂತ ದಿನ ಎರಡು ಮನೆಗಳ ನಡುವಿನ ಮಾತೂ ನಿಲ್ಲುತ್ತದೆ.

ಈಗ ಪ್ರತಿ ಕೆಲಸದ ಮುಂದೆ ಎರಡು ಕಾಲಂ ಎಳೆಯಿರಿ. ಒಂದರಲ್ಲಿ ಈಗ ಮಾಡುವವರು, ಇನ್ನೊಂದರಲ್ಲಿ ಎರಡನೇ ಹೆಸರು. ಎಲ್ಲ ಮನೆಗಳೂ ತಪ್ಪುವುದು ಇಲ್ಲೇ: ಎರಡನೇ ಕಾಲಂ ಉದ್ದಕ್ಕೂ ಸೊಸೆಯ ಹೆಸರು ಬರುತ್ತದೆ. ಇದರಿಂದ ಹಂಚಿದಂತೆ ಆಗಲಿಲ್ಲ, ಹೊರೆ ಒಂದು ತಲೆಯಿಂದ ಇನ್ನೊಂದು ತಲೆಗೆ ಹೋಯಿತಷ್ಟೆ. ಯಾರ ಹೆಸರೂ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರಬಾರದು ಎಂದು ಕಟ್ಟು ಮಾಡಿಕೊಳ್ಳಿ. ಗಂಡಸರಿಗೆ ಮುದ್ದೆ ತಿರುವಲು ಬರಲೇಬೇಕು. ಒಂದು ಲೋಟ ರಾಗಿ ಹಿಟ್ಟಿಗೆ ಎರಡು ಲೋಟ ನೀರು ಎಂಬಲ್ಲಿಂದ ಶುರು ಮಾಡಲಿ. ನೀರು ಕುದಿಯುವ ಮುಂಚೆ ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಹಾಕಿದರೆ ಗಂಟು ಕಡಿಮೆ. ಹಿಟ್ಟು ಹಾಕಿದ ತಕ್ಷಣ ತಿರುವಿದರೆ ಒಳಗೆ ಹಸಿ ಉಳಿಯುತ್ತದೆ. ನಡುವೆ ಕೋಲು ಚುಚ್ಚಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಬೇಯಲು ಬಿಟ್ಟು ಆಮೇಲೆ ತಿರುವಬೇಕು.

ಬರೆದದ್ದು ನಡೆಯುತ್ತದೆಯೇ ಎಂದು ಪರೀಕ್ಷೆ ಮಾಡಿ. ಮೂರು ತಿಂಗಳಿಗೊಮ್ಮೆ ಐದು ದಿನ ಅಮ್ಮನನ್ನು ತವರಿಗೆ ಕಳಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಓಡುವ, ಐಷಾರಾಮಿಯಲ್ಲದ ಸರ್ಕಾರಿ ಬಸ್ಸಿನ ಟಿಕೆಟ್ಟಿಗೆ ಹೆಂಗಸರು ದುಡ್ಡು ಕೊಡಬೇಕಿಲ್ಲ, ಹಾಗಾಗಿ ಖರ್ಚಿನ ನೆಪ ಹೇಳುವಂತಿಲ್ಲ. ಆ ಐದು ದಿನ ಅವರಿಗೆ ಫೋನು ಮಾಡಿ "ಬೆಲ್ಲ ಎಲ್ಲಿದೆ" ಎಂದು ಕೇಳಬಾರದು. ಏನೇನು ಕೇಳಬೇಕೆನಿಸಿತೋ ಅದೆಲ್ಲ ಪುಸ್ತಕದಲ್ಲಿ ಬಿಟ್ಟುಹೋಗಿದೆ ಎಂದರ್ಥ. ಅಲ್ಲೇ ಬರೆದುಕೊಳ್ಳಿ.

ಮುಯ್ಯಿ

ಮನೆಗಳನ್ನು ಬೆಸೆಯುವುದೂ ಒಡೆಯುವುದೂ ಇದೇ, ಆದ್ದರಿಂದ ಇಲ್ಲಿ ಅವಸರ ಮಾಡಬೇಡಿ. ಮದುವೆ, ಗೃಹಪ್ರವೇಶ, ನಾಮಕರಣದಲ್ಲಿ ಮೇಜು ಹಾಕಿ ಬರೆಸಿದ ಮುಯ್ಯಿ ಪಟ್ಟಿಗಳು ಟ್ರಂಕಿನಲ್ಲೋ ಅಟ್ಟದ ಮೇಲೋ ಇರುತ್ತವೆ. ಅವನ್ನೆಲ್ಲ ಇಳಿಸಿ ಅಮ್ಮನ ಮುಂದೆ ಓದಿ. ಪಟ್ಟಿಯಲ್ಲಿ ಒಂದು ಹೆಸರು, 501 ಎಂದಷ್ಟೇ ಇರುತ್ತದೆ. ಅದು ಯಾರು, ಅಪ್ಪನ ಕಡೆಯೋ ಅಮ್ಮನ ಕಡೆಯೋ, ಈಗ ಯಾವ ಊರಲ್ಲಿದ್ದಾರೆ ಎಂಬುದು ಅಮ್ಮನಿಗೆ ಮಾತ್ರ ಗೊತ್ತು. ಪುಸ್ತಕದಲ್ಲಿ ಆರು ಕಾಲಂ ಇರಲಿ: ದಿನಾಂಕ, ಯಾರ ಶುಭಕಾರ್ಯ, ಕೊಟ್ಟವರ ಹೆಸರು ಮತ್ತು ಊರು, ನೆಂಟಸ್ತಿಕೆ, ಬಂದದ್ದು, ನಾವು ತೀರಿಸಿದ್ದು. ದುಡ್ಡಲ್ಲದೆ ಬಂದದ್ದನ್ನೂ ಬರೆಯಿರಿ. ಎರಡು ಮೂಟೆ ಅಕ್ಕಿ ಕೊಟ್ಟವರು, ಮೂರು ದಿನ ಬಂದು ಒಲೆಯ ಮುಂದೆ ನಿಂತವರು, ಸಾವಾದ ಮನೆಗೆ ಅನ್ನ ಸಾರು ಹೊತ್ತು ತಂದವರು. ದುಡ್ಡು ತೀರಿಸುವುದು ಸುಲಭ. ಒಲೆಯ ಮುಂದೆ ನಿಂತವರ ಮನೆಯಲ್ಲಿ ನಾವೂ ನಿಲ್ಲಬೇಕು.

ತೀರಿಸುವಾಗ ಮೂರು ತಪ್ಪು ಆಗುತ್ತವೆ. ಹದಿನೈದು ವರ್ಷದ ಹಿಂದೆ ಬಂದ 501ಕ್ಕೆ ಇವತ್ತು ಅದೇ 501 ಬರೆಸುವುದು ಮೊದಲನೆಯದು. ಅವತ್ತು ಅಷ್ಟು ದುಡ್ಡಿಗೆ ಏನು ಬರುತ್ತಿತ್ತು ಎಂದು ಅಮ್ಮನನ್ನೇ ಕೇಳಿ, ಅದಕ್ಕೆ ಸಮನಾಗುವಷ್ಟು, ಮೇಲೊಂದಿಷ್ಟು ಸೇರಿಸಿ ಬರೆಸಿ. ಎರಡನೆಯದು ತೀರಾ ಹೆಚ್ಚು ಕೊಡುವುದು. ಕೊಟ್ಟವರಿಗೆ ಹೆಮ್ಮೆ ಎನಿಸಬಹುದು, ತೆಗೆದುಕೊಂಡ ಬಡವರಿಗೆ ಅದು ಸಾಲ. ಮುಂದಿನ ಶುಭಕಾರ್ಯಕ್ಕೆ ಬರಲೇ ಹಿಂಜರಿಯುತ್ತಾರೆ. ಮೂರನೆಯದು ಅಣ್ಣತಮ್ಮಂದಿರು ಬೇರೆಯಾದಾಗ ಆಗುವಂಥದ್ದು. ಒಟ್ಟಿಗಿದ್ದಾಗ ದೊಡ್ಡವನ ಮದುವೆಗೆ ಬಂದ ಮುಯ್ಯಿಯನ್ನು ಈಗ ಯಾರು ತೀರಿಸಬೇಕು? ಭಾಗವಾಗುವ ದಿನವೇ ಪಟ್ಟಿಯನ್ನೂ ಭಾಗ ಮಾಡಿ. ಯಾರ ಮದುವೆಗೆ ಬಂತೋ ಅವರು, ಅಪ್ಪ ಅಮ್ಮನ ಹೆಸರಲ್ಲಿ ಬಂದದ್ದಾದರೆ ಅವರನ್ನು ಇಟ್ಟುಕೊಂಡವರು ಎಂದು ಹೆಸರು ಬರೆದುಕೊಳ್ಳಿ. ಜಮೀನು ಸರಾಗವಾಗಿ ಹಂಚಿಕೊಂಡ ಅಣ್ಣತಮ್ಮಂದಿರು ಮುಯ್ಯಿಯ ವಿಷಯಕ್ಕೆ ಮಾತು ಬಿಡುವುದುಂಟು.

ಗೌರಿ ಬಾಗಿನವೂ ಇದೇ ಸಾಲಿಗೆ ಸೇರುತ್ತದೆ. ಯಾವ ಹೆಣ್ಣುಮಗಳಿಗೆ, ಯಾರು ತಲುಪಿಸುತ್ತಾರೆ ಎಂದು ಹಬ್ಬಕ್ಕೆ ಹದಿನೈದು ದಿನ ಮುಂಚೆ ಬರೆಯಿರಿ. ದುಡ್ಡನ್ನು ಫೋನ್‌ಪೇಯಲ್ಲಿ ಹಾಕಿದರೆ ಲೆಕ್ಕ ತೀರುತ್ತದೆ, ಹೆಣ್ಣುಮಗಳು ಕಾಯುವುದು ಮಾತ್ರ ಅಣ್ಣನೋ ತಮ್ಮನೋ ಬಾಗಿಲಿಗೆ ಬರುವುದನ್ನು. ಅಮ್ಮ ತೀರಿಕೊಂಡ ಮೇಲೆ ಮೊದಲು ನಿಂತುಹೋಗುವುದು ಈ ಒಂದು ಓಡಾಟವೇ.

ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಗಳು ಶುಭಕಾರ್ಯದ ದಿನ ಗೊತ್ತು ಮಾಡುವಾಗ ಹುಳುವಿನ ಲೆಕ್ಕವನ್ನೂ ನೋಡಬೇಕು. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹೊತ್ತು) ಎದ್ದ ಮೇಲಿನ ಆರೇಳು ದಿನ ಹುಳು ತಿನ್ನುವ ಸೊಪ್ಪೇ ಇಡೀ ಬೆಳೆಯ ಮುಕ್ಕಾಲು ಪಾಲಿಗಿಂತ ಹೆಚ್ಚು. ಆಗ ಮನೆಯ ಹೆಂಗಸರು ಹೊಸಿಲು ದಾಟುವಂತಿಲ್ಲ. ಚಾಕಿ, ಅಂದರೆ ಮರಿಹುಳು, ತಂದ ದಿನವನ್ನು ಪುಸ್ತಕದಲ್ಲಿ ಬರೆದಿದ್ದರೆ ಆ ವಾರ ತಪ್ಪಿಸಿ ದಿನ ಇಟ್ಟುಕೊಳ್ಳಬಹುದು.

ಹಿಡಿ, ಪಾವು, ಸೇರು

ಸಾರಿನ ಪುಡಿಗೆ ಎಷ್ಟು ಧನಿಯ ಎಂದರೆ ಅಮ್ಮ ಕೈ ತೋರಿಸುತ್ತಾರೆ. ಒಂದು ತೂಕದ ಯಂತ್ರ ತಂದು, ಅಡುಗೆಗೆ ಮುಂಚೆ ಡಬ್ಬಿ ತೂಗಿ, ಅವರು ಎಂದಿನಂತೆ ತೆಗೆದುಕೊಂಡ ಮೇಲೆ ಮತ್ತೆ ತೂಗಿ. ವ್ಯತ್ಯಾಸವೇ ಅಳತೆ. ಮೂರು ಸಲ ತೂಗಿ ಸರಾಸರಿ ಹಾಕಿ. ಮನೆಯ ಸೇರು, ಪಾವುಗಳನ್ನೂ ರಾಗಿ ತುಂಬಿ ಒಮ್ಮೆ ತೂಗಿ ಬರೆದಿಡಿ, ಮನೆಯಿಂದ ಮನೆಗೆ ಅವು ಬೇರೆಯಾಗುತ್ತವೆ.

ದುಡ್ಡು ಯಾರ ಹೆಸರಲ್ಲಿ

ಬರುವುದನ್ನೆಲ್ಲ ಮೊದಲು ಬರೆಯಿರಿ: ಹಾಲಿನ ಬಟವಾಡೆ, ಗೃಹಲಕ್ಷ್ಮಿಯ 2,000, ಕೂಲಿ, ಮಗ ಕಳಿಸುವುದು. ಹಾಲಿನ ಲೆಕ್ಕದ ಜೊತೆ ಹಸುವಿಗೆ ಇನ್‌ಸೆಮಿನೇಷನ್ ಮಾಡಿಸಿದ ದಿನಾಂಕವೂ ಇರಲಿ. ಅಲ್ಲಿಂದ ಸುಮಾರು 280 ದಿನಕ್ಕೆ ಕರು ಹಾಕುತ್ತದೆ, ಅದಕ್ಕೆ ಎರಡು ತಿಂಗಳು ಮುಂಚೆ ಹಾಲು ಕರೆಯುವುದನ್ನು ನಿಲ್ಲಿಸಬೇಕು. ಆ ಎರಡು ತಿಂಗಳು ಬಟವಾಡೆಯಿಲ್ಲ, ಮೇವಿನ ಖರ್ಚು ಮಾತ್ರ ಇದೆ. ಅಮ್ಮಂದಿರು ಇದನ್ನು ತಿಳಿದೇ ಡಬ್ಬಿಯಲ್ಲಿ ಕೂಡಿಟ್ಟಿರುತ್ತಾರೆ. ತಿಳಿಯದ ಮಗ "ದುಡ್ಡು ಸುಮ್ನೆ ಬಿದ್ದಿದೆ" ಎಂದು ಬೈಕಿನ ಕಂತಿಗೆ ಎತ್ತಿಕೊಳ್ಳುತ್ತಾನೆ.

ಸ್ತ್ರೀಶಕ್ತಿ ಸಂಘದ್ದಾಗಲಿ, ಮೈಕ್ರೋ ಫೈನಾನ್ಸಿನದ್ದಾಗಲಿ, ಸಾಲಕ್ಕೆ ನಾಲ್ಕು ಕಾಲಂ ಬೇಕು: ಯಾರ ಹೆಸರಲ್ಲಿ, ಯಾರು ಬಳಸಿದರು, ಕಂತು ಯಾವ ದಿನ, ಯಾರು ಕಟ್ಟುತ್ತಾರೆ. ಸಾಲ ಅಮ್ಮನ ಹೆಸರಲ್ಲಿ, ದುಡ್ಡು ಮಗನ ಟೊಮೆಟೊ ತೋಟಕ್ಕೆ. ಬೆಲೆ ಬಿದ್ದಾಗ ಸಂಘದ ಹೆಂಗಸರ ಮುಂದೆ ತಲೆ ತಗ್ಗಿಸಿ ನಿಲ್ಲುವವಳು ಅಮ್ಮ. ಬಳಸಿದವರ ಸಹಿಯನ್ನು ಪುಸ್ತಕದಲ್ಲಿ ಹಾಕಿಸಿ.

ಜಮೀನಿನ ಕಾಗದ ಮತ್ತು ಹೆಣ್ಣುಮಕ್ಕಳ ಸಹಿ

ಪಹಣಿ, ಖಾತೆ, ವಂಶವೃಕ್ಷ, ರೇಷನ್ ಕಾರ್ಡ್, ಪಾಸ್‌ಬುಕ್ಕಿನ ನಾಮಿನಿ ಎಲ್ಲಿವೆ ಎಂದು ಬರೆಯಿರಿ. ಅಪ್ಪ ತೀರಿಕೊಂಡಿದ್ದು ಪೌತಿ ಖಾತೆ (ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು) ಆಗಿರದಿದ್ದರೆ ಅದನ್ನು ಮುಂದೂಡಬೇಡಿ. ಹಿಂದೂ ಕುಟುಂಬಗಳಲ್ಲಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. ಆ ದಿನ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ವಿಲ್ ಇಲ್ಲದೆ ತೀರಿಕೊಂಡ ಗಂಡನ ಪಾಲಿನಲ್ಲಿ ಹೆಂಡತಿಗೂ ಮಕ್ಕಳಷ್ಟೇ ಭಾಗವಿದೆ.

ಹಬ್ಬಕ್ಕೆ ಬಂದ ಅಕ್ಕತಂಗಿಯರಿಗೆ ಅರಿಶಿನ ಕುಂಕುಮ ಕೊಟ್ಟು, ಮಾರನೇ ದಿನ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕುಬಿಡುಗಡೆಗೆ ಸಹಿ ಹಾಕಿಸುವುದು ಬಹಳ ಕೆಟ್ಟ ರೂಢಿ. ಆಮೇಲೆ ಆ ಹೆಣ್ಣುಮಗಳಿಗೆ ಪ್ರತಿ ಹಬ್ಬದ ಕರೆಯಲ್ಲೂ ಆ ಸಹಿಯೇ ನೆನಪಾಗುತ್ತದೆ. ಪತ್ರದ ಪ್ರತಿಯನ್ನು ಒಂದು ತಿಂಗಳು ಮುಂಚೆ ಅವಳ ಕೈಗೆ ಕೊಡಿ, ಅವಳೇ ಒಬ್ಬ ವಕೀಲರಿಗೆ ತೋರಿಸಲಿ. ಪಾಲು ಬೇಕೆಂದರೆ ಕೊಡಿ. ಬೇಡವೆಂದರೆ ಅದು ಅವಳ ಮನಸ್ಸಿನ ಮಾತಾಗಿರಲಿ.

ಇನ್ನೊಂದು ಮಾತು. ಮನೆ ಒಡೆಯಬಾರದು ಎಂದು ಹೊಡೆತ ತಿನ್ನುವುದು ಈ ಪುಸ್ತಕದ ಯಾವ ಕಾಲಂನಲ್ಲೂ ಬರುವುದಿಲ್ಲ. ಮೊದಲ ಪುಟದಲ್ಲೇ ಮಹಿಳಾ ಸಹಾಯವಾಣಿ 181, ತುರ್ತಿಗೆ 112 ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ಅತ್ತೆಯಾದವರು ಕೈಯಾರೆ ಅದನ್ನು ಬರೆದು ಸೊಸೆಗೆ ತೋರಿಸಿದರೆ ಆ ಮನೆಯಲ್ಲಿ ಎಷ್ಟೋ ಕೆಲಸ ಸಲೀಸಾಗುತ್ತದೆ.

ಅಮ್ಮನ ಪುಟ

ಒಂದು ಪುಟ ಅಮ್ಮನದೇ ಆಗಿರಲಿ. ರಕ್ತದ ಗುಂಪು, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಕನ್ನಡಕದ ನಂಬರು, ಚಪ್ಪಲಿಯ ಅಳತೆ, ಯಾವ ಊಟ ಒಗ್ಗುವುದಿಲ್ಲ, ಯಾವ ತಿಂಡಿ ಆಸೆ, ಹರೆಯದ ಗೆಳತಿ ಈಗ ಯಾವ ಊರಿನಲ್ಲಿದ್ದಾಳೆ. ಈ ಪುಟವನ್ನು ಮೊದಲು ಮಕ್ಕಳು ತಾವೇ ತುಂಬಲಿ, ಆಮೇಲೆ ಅಮ್ಮ ತಿದ್ದಲಿ. ಎಷ್ಟು ತಿದ್ದುಪಡಿ ಬಂತೆಂದು ಎಣಿಸಿ.

ಯುಗಾದಿಗೆ ಹೊಸ ಪಂಚಾಂಗ ತರುವ ದಿನ ಪುಸ್ತಕವನ್ನು ಒಮ್ಮೆ ಪೂರ್ತಿ ಓದಿ ಹೊಸದಾದದ್ದನ್ನು ಸೇರಿಸಿ. ಪುಟ ಮುಗಿದರೆ ಇನ್ನೊಂದು ಪುಸ್ತಕ ಹಾಕಿ, ಹಳೆಯದನ್ನು ರದ್ದಿಗೆ ಕೊಡಬೇಡಿ. ಮುಯ್ಯಿಯ ಪುಟಗಳು ಮೊಮ್ಮಕ್ಕಳ ಮದುವೆಗೂ ಬೇಕಾಗುತ್ತವೆ.