ಗುಂಪು ಪ್ರವಾಸ, ನೈಲ್ ನದಿಯ ಹಡಗು: ಮೈಸೂರಿನಿಂದ ಹೊರಡುವ ಮುನ್ನ

ಮೈಸೂರು, ಮಂಡ್ಯ ಕಡೆಯಿಂದ ಗುಂಪಿನ ಜೊತೆ ಈಜಿಪ್ಟ್‌ಗೆ ಹೊರಟವರು ದರ ವಿಚಾರಿಸುವ ಮೊದಲು ದಿನಚರಿ ಕೇಳಿ, ಅದನ್ನು ಬರಹದಲ್ಲಿ ಪಡೆಯಬೇಕು. ಕರಪತ್ರದಲ್ಲಿ ‘4 ರಾತ್ರಿ ನೈಲ್ ಕ್ರೂಸ್’ ಎಂದಿದ್ದರೆ ನಾಲ್ಕು ದಿನವೂ ಹಡಗು ಸಾಗುತ್ತಲೇ ಇರುತ್ತದೆ ಎಂದುಕೊಳ್ಳುವವರು ಬಹಳ. ಈ ಹಡಗುಗಳು ಓಡಾಡುವುದು ಲಕ್ಸರ್, ಆಸ್ವಾನ್ ಎಂಬ ಎರಡು ಊರುಗಳ ನಡುವೆ, ಆ ದಾರಿಯೇ 200 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಮೊದಲ ರಾತ್ರಿ ಲಕ್ಸರ್ ದಡದಲ್ಲೇ, ಕೊನೆಯ ರಾತ್ರಿ ಆಸ್ವಾನ್ ದಡದಲ್ಲೇ ಕಳೆಯುವುದು ಸಾಮಾನ್ಯ. ಆದ್ದರಿಂದ ಹಡಗು ಎಷ್ಟು ಗಂಟೆಗೆ ಬಿಡುತ್ತದೆ, ಹಗಲಿನಲ್ಲಿ ಎಷ್ಟು ಹೊತ್ತು ಸಾಗುತ್ತದೆ, ಎಡ್ಫು ಮತ್ತು ಕೋಂ ಒಂಬೊ ದೇವಾಲಯಗಳಿಗೆ ಯಾವ ಹೊತ್ತಿಗೆ ಇಳಿಸುತ್ತಾರೆ ಎಂದು ಕೇಳಿ. ದಡದ ಹಸಿರು, ದನಕರು, ಖರ್ಜೂರದ ತೋಟಗಳೆಲ್ಲ ಕಾಣುವುದು ಹಗಲಿನ ಪಯಣದಲ್ಲೇ. ಆ ಹೊತ್ತು ಕೈತಪ್ಪಿದರೆ ಹಡಗು ಬರೀ ಲಾಡ್ಜ್ ಆಗಿಬಿಡುತ್ತದೆ.

ದಾರಿಯಲ್ಲಿ ಎಸ್ನಾ ಎಂಬಲ್ಲಿ ನದಿಗೆ ಕಟ್ಟೆ ಇದೆ. ಆಸ್ವಾನ್ ಕಡೆಗೆ ಹೋಗುವ ಹಡಗು ಲಾಕ್ ಎಂಬ ದೊಡ್ಡ ತೊಟ್ಟಿಯೊಳಗೆ ನಿಂತು, ಬಾಗಿಲು ಮುಚ್ಚಿಕೊಂಡು, ನೀರು ತುಂಬಿದ ಮೇಲೆ ಮೇಲಿನ ಮಟ್ಟಕ್ಕೆ ಏರಬೇಕು. ಸರದಿ ಉದ್ದವಿದ್ದರೆ ಗಂಟೆಗಟ್ಟಲೆ ಕಾಯಬೇಕಾಗುತ್ತದೆ, ಮುಂದಿನ ದೇವಾಲಯದ ವೇಳೆಯೂ ಏರುಪೇರಾಗುತ್ತದೆ. ಇದರಲ್ಲಿ ಟೂರ್ ಮ್ಯಾನೇಜರ್ ತಪ್ಪೇನೂ ಇಲ್ಲ. ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುವುದನ್ನು ಕಂಡವರಿಗೆ ನದಿಯ ವೇಳಾಪಟ್ಟಿಯನ್ನು ನದಿಯೇ ಬರೆಯುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ. ಯುರೋಪಿನ ರೈನ್ ನದಿಯಲ್ಲಿ 2018 ಮತ್ತು 2022ರಲ್ಲಿ ನೀರು ತೀರಾ ಇಳಿದು ಹಡಗುಗಳ ಓಡಾಟಕ್ಕೆ ತೊಡಕಾಯಿತು. ನೀರು ತುಂಬಾ ಏರಿದರೂ ಕಷ್ಟವೇ, ಹಡಗು ಸೇತುವೆಯ ಕೆಳಗೆ ನುಸುಳಲಾಗುವುದಿಲ್ಲ. ಅಂಥ ಹೊತ್ತಿನಲ್ಲಿ ಬಸ್ಸಿನಲ್ಲಿ ಕರೆದೊಯ್ಯುತ್ತಾರೋ, ಬೇರೆ ಹಡಗು ಹತ್ತಿಸುತ್ತಾರೋ, ಹಣ ಹಿಂದಿರುಗಿಸುತ್ತಾರೋ ಎಂಬುದು ಕರಾರಿನಲ್ಲಿರಬೇಕು. ‘ನೋಡ್ಕೊಳ್ತೀವಿ ಸಾರ್’ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಇನ್ನು ಕ್ಯಾಬಿನ್. ಕೆಳಗಿನ ಡೆಕ್ (ಅಂತಸ್ತು) ಅಗ್ಗ, ಆದರೆ ಕಿಟಕಿ ನೀರಿನ ಮಟ್ಟಕ್ಕೇ ಇರುತ್ತದೆ, ಹಿಂಬದಿಯಲ್ಲಾದರೆ ಎಂಜಿನ್ ಸದ್ದು ರಾತ್ರಿಯಿಡೀ ಕೇಳುತ್ತದೆ. ನಡುವಿನ ಡೆಕ್‌ನಲ್ಲಿ, ಹಡಗಿನ ಮಧ್ಯಭಾಗದ ಕ್ಯಾಬಿನ್ ಕೇಳಿ. ಬಾಲ್ಕನಿಗೆ ಹೆಚ್ಚು ಹಣ ಕೊಡುವ ಮೊದಲು ಒಂದು ಮಾತು ತಿಳಿದಿರಲಿ: ಲಕ್ಸರ್, ಆಸ್ವಾನ್ ದಡಗಳಲ್ಲಿ ಹಡಗುಗಳನ್ನು ಒಂದರ ಪಕ್ಕ ಒಂದು ಕಟ್ಟುತ್ತಾರೆ. ನಿಮ್ಮ ಬಾಲ್ಕನಿಯ ಎದುರು ಇನ್ನೊಂದು ಹಡಗಿನ ಗೋಡೆ ಬಂದು ನಿಲ್ಲಬಹುದು. ದಡಕ್ಕೆ ಹೋಗಲು ಮೂರು ನಾಲ್ಕು ಹಡಗುಗಳ ಒಳಗಿಂದಲೇ ನಡೆದು, ಮರದ ಹಲಗೆ ದಾಟಿ, ಮೆಟ್ಟಿಲು ಹತ್ತಬೇಕು. ಮಂಡಿನೋವಿನವರು ಲಿಫ್ಟ್ ಇದೆಯೇ ಎಂದು ಮೊದಲೇ ವಿಚಾರಿಸಿ, ಮಡಚುವ ಊರುಗೋಲು ಇಟ್ಟುಕೊಳ್ಳಿ. ನೀವು ಹಿಂದಿರುಗುವ ಹೊತ್ತಿಗೆ ಹಡಗುಗಳ ಸಾಲೇ ಬದಲಾಗಿರಬಹುದು. ಇಳಿಯುವಾಗ ಹಡಗಿನ ಹೆಸರಿನ ಫೋಟೊ ತೆಗೆದುಕೊಂಡು, ರಿಸೆಪ್ಷನ್‌ನಲ್ಲಿ ಕೊಡುವ ಕಾರ್ಡನ್ನು ಜೇಬಿನಲ್ಲಿಟ್ಟುಕೊಳ್ಳಿ.

ಪ್ಯಾಕೇಜ್ ದರದಲ್ಲಿ ಏನು ಸೇರಿಲ್ಲ ಎಂಬ ಪಟ್ಟಿಯನ್ನು ನಿಧಾನವಾಗಿ ಓದಿ. ಜಿಎಸ್‌ಟಿ, ವಿದೇಶಿ ಪ್ರವಾಸಕ್ಕೆ ಮೊದಲೇ ಹಿಡಿಯುವ ಟಿಸಿಎಸ್ ಎಂಬ ತೆರಿಗೆ, ವೀಸಾ, ಹಡಗಿನ ಸಿಬ್ಬಂದಿಗೆ ಟಿಪ್ಸ್, ಊಟದ ಜೊತೆಯ ನೀರು ಮತ್ತು ಪಾನೀಯ, ಇವೆಲ್ಲ ಹೊರಗಿರುವುದೇ ಹೆಚ್ಚು. ಟಿಸಿಎಸ್ ನಿಮ್ಮ ಪ್ಯಾನ್‌ಗೆ ಜಮೆಯಾಗಿ ಆದಾಯ ತೆರಿಗೆ ಇಲಾಖೆಯ ಲೆಕ್ಕದಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು. ಹಾಗಾಗಿ ಪ್ಯಾನ್ ಸಂಖ್ಯೆ ಸರಿಯಾಗಿ ಕೊಟ್ಟು, ರಸೀದಿ ಇಟ್ಟುಕೊಳ್ಳಿ. ಲಕ್ಸರ್‌ನ ರಾಜರ ಕಣಿವೆಯಲ್ಲಿ ಸಾಮಾನ್ಯ ಟಿಕೆಟ್‌ಗೆ ಮೂರು ಸಮಾಧಿ ಮಾತ್ರ, ಟುಟಂಖಾಮನ್ ಸಮಾಧಿಗೆ ಬೇರೆ ಟಿಕೆಟ್. ಬಂಡೆ ಕೊರೆದು ಮಾಡಿದ ಅಬು ಸಿಂಬೆಲ್ ದೇವಾಲಯಗಳು ಕೂಡ ಎಷ್ಟೋ ಪ್ಯಾಕೇಜುಗಳಲ್ಲಿ ‘ಐಚ್ಛಿಕ’. ಆಸ್ವಾನ್‌ನಿಂದ ಸುಮಾರು 280 ಕಿ.ಮೀ. ರಸ್ತೆ, ಬೆಳಗಿನ ಜಾವ ನಾಲ್ಕಕ್ಕೆಲ್ಲ ಹೊರಡಬೇಕು, ತಿಂಡಿ ಡಬ್ಬಿಯಲ್ಲಿ ಕೊಡುತ್ತಾರೆ. ಕಷ್ಟವಾದರೂ ಬಿಡಬೇಡಿ. ಅಷ್ಟು ದೂರ ಹೋಗಿ ಅದನ್ನು ನೋಡದೆ ಬರುವುದು ಹಳೇಬೀಡಿನವರೆಗೆ ಹೋಗಿ ಹೊಯ್ಸಳೇಶ್ವರನನ್ನು ನೋಡದೆ ಬಂದಂತೆ. ಲಕ್ಸರ್‌ನ ಬಿಸಿಗಾಳಿ ಬಲೂನು ಹತ್ತುವವರು ಮಾತ್ರ ತಮ್ಮ ವಿಮೆ ಅದಕ್ಕೆ ಅನ್ವಯಿಸುತ್ತದೆಯೇ ನೋಡಿಕೊಳ್ಳಬೇಕು. ವಿಮೆ ಅರ್ಜಿಯಲ್ಲಿ ಬಿಪಿ, ಸಕ್ಕರೆ ಕಾಯಿಲೆ ಮುಚ್ಚಿಟ್ಟರೆ ಆಸ್ಪತ್ರೆ ಬಿಲ್ ಬಂದಾಗ ಕ್ಲೇಮ್ ತಿರಸ್ಕರಿಸಲು ಅದೇ ಕಾರಣವಾಗುತ್ತದೆ.

ಮಾತ್ರೆಗಳ ವಿಚಾರದಲ್ಲಿ ಕಟ್ಟುನಿಟ್ಟಾಗಿರಿ. ಸೊಂಟನೋವು, ಮಂಡಿನೋವಿಗೆ ನಮ್ಮಲ್ಲಿ ಬರೆದುಕೊಡುವ ಟ್ರಮಡಾಲ್ ಈಜಿಪ್ಟ್‌ನಲ್ಲಿ ನಿಷಿದ್ಧ, ಸಿಕ್ಕಿಬಿದ್ದರೆ ಜೈಲಿನವರೆಗೂ ಹೋಗುತ್ತದೆ. ಬೇರೆ ಹೆಸರಿನ ಮಾತ್ರೆಯಲ್ಲೂ ಅದು ಬೆರೆತಿರಬಹುದು, ಆದ್ದರಿಂದ ಸ್ಟ್ರಿಪ್‌ನ ಹಿಂಬದಿ ಓದಿ, ವೈದ್ಯರಿಂದ ಬದಲಿ ಮಾತ್ರೆ ಬರೆಸಿಕೊಳ್ಳಿ. ಉಳಿದ ಮಾತ್ರೆಗಳನ್ನು ಪ್ರವಾಸದ ದಿನಗಳಿಗಿಂತ ಮೂರು ದಿನ ಹೆಚ್ಚಿಗೆ ಬರುವಷ್ಟು, ಚೀಟಿ ಸಮೇತ, ಕೈಚೀಲದಲ್ಲೇ ಇಡಿ.

ಡಬ್ಬಿ ತುಂಬುವಾಗಲೂ ಹೀಗೆಯೇ. ದುಬೈ ಅಥವಾ ಅಬುಧಾಬಿ ಮೂಲಕ ವಿಮಾನ ಇದ್ದರೆ ಗಸಗಸೆ ಬೇಡವೇ ಬೇಡ, ಯುಎಇಯಲ್ಲಿ ಅದು ಮಾದಕವಸ್ತುವಿನ ಲೆಕ್ಕ. ಗಸಗಸೆ ಉದುರಿಸಿದ ಕಜ್ಜಾಯವೂ ಮನೆಯಲ್ಲೇ ಇರಲಿ. ಕೊಬ್ಬರಿ ಗಿಟುಕಿನಲ್ಲಿ ಎಣ್ಣೆ ಹೆಚ್ಚು, ಬೇಗ ಹೊತ್ತಿಕೊಳ್ಳುತ್ತದೆ ಎಂದು ವಿಮಾನದಲ್ಲಿ ಬಿಡುವುದಿಲ್ಲ. ಉಪ್ಪಿನಕಾಯಿ, ತೊಕ್ಕು ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ತೆಗೆದಿಡಿಸುತ್ತಾರೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು. ಚಟ್ನಿಪುಡಿ, ಬಿಸಿನೀರು ಹಾಕಿದರೆ ಸಾಕಾಗುವ ಗೊಜ್ಜವಲಕ್ಕಿ ಪುಡಿ ಅನುಕೂಲ. ಕ್ಯಾಬಿನ್‌ನಲ್ಲಿ ನೀರು ಕಾಯಿಸುವ ಕಾಯಿಲ್, ರೈಸ್ ಕುಕ್ಕರ್ ಹಾಕಬೇಡಿ: ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯ ಇನ್ನೊಂದಿಲ್ಲ. ಬಿಸಿನೀರನ್ನು ಊಟದ ಹಾಲ್‌ನಲ್ಲಿ ಕೇಳಿದರೆ ಕೊಡುತ್ತಾರೆ. ಬುಕಿಂಗ್‌ನಲ್ಲಿ ‘ವೆಜ್’ ಎಂದಷ್ಟೇ ಬರೆಸಬೇಡಿ. ಮಾಂಸ, ಮೀನು, ಮೊಟ್ಟೆ ಬೇಡ, ಮಾಂಸ ಬೇಯಿಸಿದ ನೀರಿನ ಸೂಪೂ ಬೇಡ ಎಂದು ಬಿಡಿಸಿ ಬರೆಸಿ. ಮೀನು ತಿಂದರೂ ಸಸ್ಯಾಹಾರಿ ಎಂದುಕೊಳ್ಳುವ ಅಡುಗೆಯವರು ಹೊರದೇಶದಲ್ಲಿ ಸಿಗುತ್ತಾರೆ.

ಪಾಸ್‌ಪೋರ್ಟ್‌ಗೆ ಪ್ರಯಾಣದ ದಿನದಿಂದ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ನವೀಕರಣದ ಕೆಲಸ ಮೈಸೂರಿನಲ್ಲೇ ಆಗುತ್ತದೆ. ಯುರೋಪಿನ ನದಿ ಪ್ರವಾಸಕ್ಕಾದರೆ ಷೆಂಗೆನ್ ವೀಸಾ (ಅಲ್ಲಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ) ಬೇಕು, ಮೊದಲ ಸಲದವರು ಬೆರಳಚ್ಚು ಕೊಡಲು ಬೆಂಗಳೂರಿಗೆ ಹೋಗಿಬರಬೇಕು. ಅದಕ್ಕೆ ಕನಿಷ್ಠ 30,000 ಯೂರೊ ವಿಮೆಯೂ ಕಡ್ಡಾಯ. ಅರ್ಜಿಯನ್ನು ಆರು ತಿಂಗಳ ಮೊದಲಿನಿಂದಲೇ ಹಾಕಬಹುದು. ಬೇಸಿಗೆ ರಜೆಯ ಪ್ರವಾಸಕ್ಕೆ ಸಂಕ್ರಾಂತಿಯ ಹೊತ್ತಿಗೇ ಓಡಾಟ ಶುರುಮಾಡಿ.

ಕೊನೆಗೆ ಹೊರಡುವ ದಿನ. ಟಿಕೆಟ್‌ನಲ್ಲಿ 12ನೇ ತಾರೀಖು 4.10 ಎಂದಿದ್ದರೆ ಅದು ಬೆಳಗಿನ ಜಾವ. ನೀವು ಮನೆ ಬಿಡಬೇಕಾದದ್ದು 11ರ ರಾತ್ರಿ. ಈ ಲೆಕ್ಕ ತಪ್ಪಿ, ವಿಮಾನ ಹೋದ ಮೇಲೆ 12ರ ರಾತ್ರಿ ದೇವನಹಳ್ಳಿಗೆ ಬಂದು ನಿಲ್ಲುವವರೂ ಇದ್ದಾರೆ. ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ಮೈಸೂರಿನಿಂದ ಸುಮಾರು 185 ಕಿ.ಮೀ., ಎಕ್ಸ್‌ಪ್ರೆಸ್‌ವೇ ಉಳಿಸಿದ ಸಮಯವನ್ನು ಬೆಂಗಳೂರಿನ ಟ್ರಾಫಿಕ್ ನುಂಗುತ್ತದೆ. 4.10ರ ವಿಮಾನಕ್ಕೆ ರಾತ್ರಿ ಎಂಟಕ್ಕೇ ಹೊರಡಿ. ಕೆಎಸ್‌ಆರ್‌ಟಿಸಿ ಫ್ಲೈಬಸ್‌ನಲ್ಲಿ ಹೋಗುವುದಾದರೆ ಸೀಟು ಮೊದಲೇ ಕಾಯ್ದಿರಿಸಿ.