ಹಿಮೋಫಿಲಿಯಾ ಇರುವ ಮಗುವನ್ನು ಮೂಲೆಯಲ್ಲಿ ಕೂರಿಸಬೇಡಿ

ಮಗನಿಗೆ ಕುಸುಮ ರೋಗ, ಅಂದರೆ ರಕ್ತ ಬೇಗ ಹೆಪ್ಪುಗಟ್ಟದ ಹಿಮೋಫಿಲಿಯಾ ಇದೆ ಅಂತ ಗೊತ್ತಾದ ದಿನದಿಂದ ಬಹಳ ಮನೆಗಳಲ್ಲಿ ಒಂದೇ ಪಲ್ಲವಿ: ‘ಓಡಬೇಡ, ಹತ್ತಬೇಡ, ಸುಮ್ನೆ ಕೂತ್ಕೋ.’ ಸೈಕಲ್ ಅಟ್ಟ ಸೇರುತ್ತದೆ. ಪಿ.ಟಿ. ಪೀರಿಯಡ್‌ನಲ್ಲಿ ಹುಡುಗ ಮರದ ಕೆಳಗೆ ಕೂತು ಗೆಳೆಯರ ಚಪ್ಪಲಿ ಕಾಯುತ್ತಾನೆ. ಅಪ್ಪ ಅಮ್ಮನ ಭಯ ಸುಳ್ಳೇನಲ್ಲ. ಆದರೆ ಕೂತೇ ಬೆಳೆದ ಹುಡುಗನ ತೊಡೆ ಸೊರಗುತ್ತದೆ. ತೊಡೆ ಸೊರಗಿದರೆ ಮಂಡಿಗೆ ಆಸರೆ ಇಲ್ಲ. ಆಸರೆ ಇಲ್ಲದ ಮಂಡಿಯಲ್ಲಿ ರಕ್ತ ಇನ್ನೂ ಜಾಸ್ತಿ ಸೋರುತ್ತದೆ. ಹಾಗಾದರೆ ಓಡಾಡಿಕೊಂಡೇ ಇರುವುದು ಹೇಗೆ? ಒಂದೊಂದಾಗಿ ನೋಡೋಣ.

ಮೊದಲು ರಿಪೋರ್ಟ್ ಓದಿ

ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನ್‌ಗಳಿಗೆ ಫ್ಯಾಕ್ಟರ್ ಅನ್ನುತ್ತಾರೆ. 8ನೇ ಫ್ಯಾಕ್ಟರ್ ಕಡಿಮೆ ಇದ್ದರೆ ಹಿಮೋಫಿಲಿಯಾ ಎ, 9ನೆಯದು ಕಡಿಮೆ ಇದ್ದರೆ ಬಿ. ಎಷ್ಟು ಇದೆ ಅನ್ನುವುದು ರಿಪೋರ್ಟ್‌ನಲ್ಲಿ ಶೇಕಡಾ ಲೆಕ್ಕದಲ್ಲಿ ಇರುತ್ತದೆ. ಶೇ 1ಕ್ಕಿಂತ ಕಡಿಮೆ ಇದ್ದರೆ ತೀವ್ರ, 1ರಿಂದ 5 ಮಧ್ಯಮ, 5ರಿಂದ 40 ಸೌಮ್ಯ. ತೀವ್ರ ಇರುವವರಿಗೆ ಏಟು ಬೀಳದೆಯೂ ಕೀಲಿನೊಳಗೆ ರಕ್ತ ಸೋರಬಹುದು. ಸೌಮ್ಯ ಇರುವವರಿಗೆ ಹಲ್ಲು ಕೀಳಿಸುವ ದಿನದವರೆಗೂ ಸುಳಿವೇ ಸಿಗದಿರಬಹುದು.

ಎ ಅಥವಾ ಬಿ, ಶೇಕಡಾ ಎಷ್ಟು, ಬ್ಲಡ್ ಗ್ರೂಪ್, ಇನ್‌ಹಿಬಿಟರ್ ಇದೆಯೇ ಇಲ್ಲವೇ. ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಹುಡುಗನ ಬ್ಯಾಗಿನಲ್ಲೂ ನಿಮ್ಮ ಮೊಬೈಲ್‌ನಲ್ಲೂ ಇಡಿ. ಇನ್‌ಹಿಬಿಟರ್ ಅಂದರೆ ಚಿಕಿತ್ಸೆಗೆ ಇಂಜೆಕ್ಷನ್‌ನಲ್ಲಿ ಕೊಟ್ಟ ಫ್ಯಾಕ್ಟರ್ ಕೆಲಸ ಮಾಡದ ಹಾಗೆ ದೇಹವೇ ಅಡ್ಡ ನಿಲ್ಲುವುದು. ಅದಿದ್ದರೆ ಚಿಕಿತ್ಸೆಯೇ ಬೇರೆ. ಎಂದಿನ ಡೋಸ್ ಇದ್ದಕ್ಕಿದ್ದಂತೆ ನಾಟದೇ ಹೋದರೆ ಆ ಪರೀಕ್ಷೆಯನ್ನು ಕೇಳಿ ಮಾಡಿಸಿ.

ಇನ್ನೊಂದು ಮಾತು. ಬ್ಲೇಡ್ ತಾಗಿದರೆ ರಕ್ತ ಸುರಿದು ಪ್ರಾಣವೇ ಹೋಗುತ್ತದೆ ಅಂತ ನೆಂಟರು ಹೆದರಿಸುತ್ತಾರೆ. ಹಾಗೇನಿಲ್ಲ. ರಕ್ತ ಎಲ್ಲರಿಗಿಂತ ಜೋರಾಗಿ ಹರಿಯುವುದಿಲ್ಲ, ಎಲ್ಲರಿಗಿಂತ ಹೆಚ್ಚು ಹೊತ್ತು ಜಿನುಗುತ್ತದೆ. ಸಣ್ಣ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದರೆ ಸಾಕು. ಹೆದರಬೇಕಾದ್ದು ಕಣ್ಣಿಗೆ ಕಾಣದ ರಕ್ತಕ್ಕೆ.

ಊದುವ ಮುಂಚೆಯೇ ಹಿಡಿಯಿರಿ

ಜಾಸ್ತಿ ತೊಂದರೆ ಮಂಡಿ, ಮೊಣಕೈ, ಪಾದದ ಕೀಲುಗಳಲ್ಲಿ. ಊತ ಬರುವ ಎಷ್ಟೋ ಮುಂಚೆ ಒಳಗೆ ಜುಮ್ಮೆನ್ನುತ್ತದೆ, ಬಿಸಿ ಅನ್ನಿಸುತ್ತದೆ, ಬಿಗಿಯುತ್ತದೆ. ದೊಡ್ಡ ಮಕ್ಕಳು ಅದನ್ನು ತಾವೇ ಹೇಳುತ್ತಾರೆ. ಹೇಳಿದಾಗ ‘ಸ್ಕೂಲಿಗೆ ಚಕ್ಕರ್ ಹೊಡೆಯೋಕೆ ನಾಟಕ’ ಅನ್ನಬೇಡಿ. ಸಣ್ಣ ಮಗು ಬಾಯಿ ಬಿಟ್ಟು ಹೇಳುವುದಿಲ್ಲ, ನೋಯುವ ಕೈಯಲ್ಲಿ ಆಟಿಕೆ ಹಿಡಿಯುವುದನ್ನು ಬಿಡುತ್ತದೆ.

ಒಂದು ಟೈಲರ್ ಟೇಪು ತಂದಿಡಿ. ಎಲ್ಲ ಸರಿ ಇರುವ ದಿನ ಎರಡೂ ಮಂಡಿಯ ಸುತ್ತಳತೆ ತೆಗೆದು ಕ್ಯಾಲೆಂಡರಿನ ಹಿಂದೆ ಬರೆದಿಡಿ. ಅನುಮಾನ ಬಂದ ದಿನ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಆದರೆ ಅಳತೆ ಬದಲಾಗಲಿ ಅಂತ ಕಾಯುತ್ತಾ ಕೂರಬೇಡಿ, ಅನುಮಾನವೇ ಸಾಕು.

ತೊಡೆಸಂದಿಯಲ್ಲಿ ನೋವು, ಕಾಲು ನೀಟಾಗಿ ಚಾಚಲು ಆಗದೆ ಬಗ್ಗಿ ನಡೆಯುವುದು, ತೊಡೆ ಮರಗಟ್ಟುವುದು: ಇವು ಸೊಂಟದ ಒಳಗಿನ ಸ್ನಾಯುವಿನಲ್ಲಿ ರಕ್ತ ಸೋರುವ ಲಕ್ಷಣ. ಬಲಗಡೆ ಆದರೆ ಅಪೆಂಡಿಕ್ಸ್ ಅಂತಲೇ ಅನ್ನಿಸುತ್ತದೆ. ಡಾಕ್ಟರಿಗೆ ಹಿಮೋಫಿಲಿಯಾ ಇರುವುದನ್ನು ಮೊದಲ ವಾಕ್ಯದಲ್ಲೇ ಹೇಳಿ. ತಲೆಗೆ ಏಟು ಬಿದ್ದರೆ ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ಈ ಕ್ರಮ ತಿರುಗಮುರುಗ ಆಗಬಾರದು.

ಮೊದಲ ಎರಡು ಗಂಟೆ

ರಕ್ತ ಸೋರಿದ ಎರಡು ಗಂಟೆಯೊಳಗೆ ಫ್ಯಾಕ್ಟರ್ ಒಳಗೆ ಹೋಗಬೇಕು. ಡೋಸ್ ಡಾಕ್ಟರೇ ನಿಗದಿ ಮಾಡಬೇಕು, ಆದರೆ ಲೆಕ್ಕ ನಿಮಗೂ ಗೊತ್ತಿರಲಿ. 8ನೇ ಫ್ಯಾಕ್ಟರ್ ಪ್ರತಿ ಕೆ.ಜಿ.ಗೆ 1 ಯೂನಿಟ್ ಕೊಟ್ಟರೆ ಮಟ್ಟ ಸುಮಾರು ಶೇ 2 ಏರುತ್ತದೆ. 30 ಕೆ.ಜಿ. ಹುಡುಗನಿಗೆ ಶೇ 40 ಏರಿಸಬೇಕಾದರೆ 600 ಯೂನಿಟ್. 9ನೇ ಫ್ಯಾಕ್ಟರ್‌ಗೆ ಏರಿಕೆ ಇದರ ಅರ್ಧದಷ್ಟೇ.

ಬಾಟಲಿಯಲ್ಲಿ ಪುಡಿ, ಜೊತೆಗೆ ಬೇರೆ ನೀರು. ಫ್ರಿಜ್‌ನಿಂದ ತೆಗೆದು ತಣ್ಣಗಿನದು ಹೋಗುವವರೆಗೆ ಬಿಡಿ. ನೀರು ಸೇರಿಸಿದ ಮೇಲೆ ಅಂಗೈಯಲ್ಲಿ ಮೆಲ್ಲಗೆ ತಿರುಗಿಸಿ. ಕುಲುಕಿದರೆ ನೊರೆ ಬರುತ್ತದೆ. ಬಟರ್‌ಫ್ಲೈ ಸೂಜಿಯಲ್ಲಿ ನಿಧಾನಕ್ಕೆ ನರಕ್ಕೆ, ಅಂದರೆ ರಕ್ತನಾಳಕ್ಕೆ ಕೊಡುವುದು. ಬಾಟಲಿಯ ಸ್ಟಿಕರ್ ಕಿತ್ತು ನೋಟ್‌ಬುಕ್‌ಗೆ ಅಂಟಿಸಿ, ತಾರೀಕು, ಯಾವ ಕೀಲು ಅಂತ ಪಕ್ಕದಲ್ಲಿ ಬರೆಯಿರಿ. ಇಡೀ ಚಿಕಿತ್ಸೆಯಲ್ಲಿ ಅತಿ ಅಗ್ಗದ, ಅತಿ ಉಪಯೋಗದ ವಸ್ತು ಈ ನೋಟ್‌ಬುಕ್ ಅಂತಲೇ ನನ್ನ ಅಭಿಪ್ರಾಯ. ಒಂದೇ ಕೀಲಿನಲ್ಲಿ ಆರು ತಿಂಗಳಲ್ಲಿ ಮೂರು ಸಲ ಸೋರಿದರೆ ಆ ಕೀಲು ಹಾಳಾಗುವ ದಾರಿ ಹಿಡಿದಿದೆ ಅಂತ ಅರ್ಥ. ಅದು ಗೊತ್ತಾಗುವುದು ಬರೆದಿಟ್ಟರೆ ಮಾತ್ರ.

ಜೊತೆಗೆ ಕೀಲಿಗೆ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದು ನಿಮಿಷ, ಕಾಲು ದಿಂಬಿನ ಮೇಲೆ. ಎಣ್ಣೆ ಹಚ್ಚಿ ತಿಕ್ಕಬೇಡಿ. ‘ಉಳುಕು ತೆಗೆಯುತ್ತೇನೆ’ ಅನ್ನುವವರ ಕೈಗೆ ಊದಿದ ಕಾಲು ಕೊಡಬೇಡಿ, ಅವರು ಎಷ್ಟೇ ಹೆಸರುವಾಸಿ ಆಗಿರಲಿ. ನೋವಿಗೆ ಪ್ಯಾರಾಸಿಟಮಾಲ್ ನಡೆಯುತ್ತದೆ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನ್ಯಾಕ್ ಬೇಡ. ಸೊಂಟಕ್ಕೋ ತೋಳಿಗೋ ಚುಚ್ಚುವ ನೋವಿನ ಇಂಜೆಕ್ಷನ್ ಅಂತೂ ಬೇಡವೇ ಬೇಡ.

ಸೋರುವ ಮುಂಚೆ ಕೊಡುವ ಡೋಸ್

ಸ್ವೀಡನ್ನಿನ ಮಾಲ್ಮೋದಲ್ಲಿ ಇಂಗಾ ಮೇರಿ ನಿಲ್ಸನ್ ಅನ್ನುವ ವೈದ್ಯೆ 1950ರ ದಶಕದ ಕೊನೆಗೆ ಒಂದು ಸರಳ ಪ್ರಯೋಗ ಶುರು ಮಾಡಿದರು. ಮಧ್ಯಮ ಮಟ್ಟದ ಮಕ್ಕಳ ಕೀಲು ಅಷ್ಟಾಗಿ ಹಾಳಾಗುವುದಿಲ್ಲ. ಹಾಗಾದರೆ ತೀವ್ರ ಇರುವವರ ಮಟ್ಟವನ್ನೂ ಶೇ 1ರ ಮೇಲೆ ಇಟ್ಟರೆ? ಫ್ಯಾಕ್ಟರ್ ಆಗಾಗ ಮುಂಚಿತವಾಗಿಯೇ ಕೊಡುವ ಕ್ರಮ ಅಲ್ಲಿಂದ ಬೆಳೆಯಿತು. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಹೀಗೆ ಮುಂಚಿತವಾಗಿ ಪಡೆದ ಹುಡುಗರಲ್ಲಿ ಶೇ 93 ಮಂದಿಯ ಕೀಲುಗಳು ಆರನೇ ವಯಸ್ಸಿನಲ್ಲಿ ಎಂ.ಆರ್.ಐ.ಯಲ್ಲಿ ಚೆನ್ನಾಗಿದ್ದವು. ಸೋರಿದಾಗ ಮಾತ್ರ ಪಡೆದವರಲ್ಲಿ ಶೇ 55. ವಿಶ್ವ ಹಿಮೋಫಿಲಿಯಾ ಒಕ್ಕೂಟದ 2020ರ ಮಾರ್ಗಸೂಚಿ ಮುಂಚಿತವಾಗಿ ಕೊಡುವುದನ್ನೇ ಸರಿಯಾದ ಚಿಕಿತ್ಸೆ ಅನ್ನುತ್ತದೆ.

ನಮ್ಮಲ್ಲಿ ಫ್ಯಾಕ್ಟರ್ ಬೇಕಾದಷ್ಟು ಸಿಗುವುದಿಲ್ಲ ಅನ್ನುವುದು ನಿಜ. ಆದರೆ ಕೆ.ಜಿ.ಗೆ 10 ಯೂನಿಟ್‌ನಂತೆ ವಾರಕ್ಕೆರಡು ಸಲ ಕೊಡುವ ಕಡಿಮೆ ಡೋಸ್ ಕೂಡ ಏನೂ ಕೊಡದಿರುವುದಕ್ಕಿಂತ ಎಷ್ಟೋ ವಾಸಿ. ಎ ವಿಧಕ್ಕೆ ಚರ್ಮದ ಕೆಳಗೆ ಚುಚ್ಚುವ ಎಮಿಸಿಜುಮಾಬ್ ಅನ್ನುವ ಔಷಧ ಬಂದಿದೆ. ವಾರಕ್ಕೊಮ್ಮೆಯಿಂದ ನಾಲ್ಕು ವಾರಕ್ಕೊಮ್ಮೆಯವರೆಗೆ ಕೊಡಬಹುದು, ಇನ್‌ಹಿಬಿಟರ್ ಇದ್ದರೂ ನಡೆಯುತ್ತದೆ. ಇದನ್ನು ತೆಗೆದುಕೊಳ್ಳುವವರಲ್ಲಿ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಅಳೆಯುವ ಎ.ಪಿ.ಟಿ.ಟಿ. ಪರೀಕ್ಷೆ ಸುಳ್ಳೇ ನಾರ್ಮಲ್ ತೋರಿಸುತ್ತದೆ. ಹಾಗಾಗಿ ಎಮರ್ಜೆನ್ಸಿಯಲ್ಲಿ ಔಷಧದ ಹೆಸರು ಹೇಳಲೇಬೇಕು.

ವ್ಯಾಯಾಮ: ಎಲ್ಲಿಂದ ಶುರು?

ನೆಲದ ಮೇಲೆ ಕಾಲು ಚಾಚಿ ಕೂರಿಸಿ. ಟವೆಲ್ ಸುರುಳಿ ಸುತ್ತಿ ಮಂಡಿಯ ಕೆಳಗೆ ಇಡಿ. ಮಂಡಿಯಿಂದ ಟವೆಲನ್ನು ನೆಲಕ್ಕೆ ಒತ್ತಲು ಹೇಳಿ. ಐದು ಎಣಿಸುವವರೆಗೆ ಒತ್ತಿ ಹಿಡಿದು ಬಿಡುವುದು. ತೊಡೆಯ ಮೇಲೆ ನಿಮ್ಮ ಕೈ ಇಟ್ಟರೆ ಸ್ನಾಯು ಗಟ್ಟಿಯಾಗುವುದು ಗೊತ್ತಾಗುತ್ತದೆ. ಹತ್ತು ಸಲ, ದಿನಕ್ಕೆರಡು ಹೊತ್ತು. ಕೀಲು ಅಲ್ಲಾಡುವುದೇ ಇಲ್ಲ, ಆದರೂ ತೊಡೆಗೆ ಕೆಲಸ ಸಿಗುತ್ತದೆ. ಇದು ಸಲೀಸಾದ ಮೇಲೆ ಅಂಗಾತ ಮಲಗಿ, ಒಂದು ಕಾಲು ಮಡಚಿ, ಇನ್ನೊಂದನ್ನು ನೇರವಾಗಿ ಒಂದು ಗೇಣಿನಷ್ಟು ಎತ್ತಿ ಇಳಿಸುವುದು. ಆಮೇಲೆ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು. ಆಮೇಲೆ ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು. ಈ ಕೊನೆಯದನ್ನು ಜನ ಕಡೆಗಣಿಸುತ್ತಾರೆ. ಆಯ ತಪ್ಪದೆ ನಿಲ್ಲಲು ಬಂದರೆ ಪಾದದ ಕೀಲು ತಿರುಚುವುದು ಕಡಿಮೆಯಾಗುತ್ತದೆ.

ಈಗ ತಾನೇ ರಕ್ತ ಸೋರಿದ್ದರೆ? ನೋವು, ಊತ ಇಳಿಯುವವರೆಗೆ ಕೀಲಿಗೆ ರಜೆ. ಇಳಿಯತೊಡಗಿದ ಮೇಲೆ ಟವೆಲ್‌ನಿಂದಲೇ ಮತ್ತೆ ಶುರು, ನಂತರ ಮೆಲ್ಲಗೆ ಮಡಚುವುದು ಚಾಚುವುದು, ಕೊನೆಗೆ ಭಾರ ಹಾಕುವುದು. ಬೇರೆಯವರು ಬಲವಂತವಾಗಿ ಮಂಡಿ ಮಡಚಿಸಬಾರದು. ಮಡಚುವುದು ಮಗುವೇ, ನೋವಿನ ಗೆರೆ ಮುಟ್ಟುವ ಮುಂಚೆ ನಿಲ್ಲಿಸುವುದೂ ಮಗುವೇ. ಮೊದಲ ಸಲ ಫಿಸಿಯೋಥೆರಪಿಸ್ಟ್ ಎದುರಿಗೇ ಮಾಡಿಸಿ.

ಆಟಕ್ಕೆ ಬಂದರೆ ಈಜು ಮೊದಲು, ನೀರು ಮೈಭಾರ ಹೊರುತ್ತದೆ. ನಡಿಗೆ, ಸೈಕಲ್, ಟೇಬಲ್ ಟೆನಿಸ್ ಆಗಬಹುದು. ಕಬಡ್ಡಿ, ಕುಸ್ತಿ, ಬಾಕ್ಸಿಂಗ್ ಬೇಡ. ಕ್ರಿಕೆಟ್? ಪಾಠ ಹೇಳುವವರೆಲ್ಲ ಬೇಡ ಅನ್ನುತ್ತಾರೆ, ಹುಡುಗರು ಹೇಗೂ ಆಡುತ್ತಾರೆ. ಕದ್ದು ಆಡುವುದಕ್ಕಿಂತ ಟೆನಿಸ್ ಬಾಲ್‌ನಲ್ಲಿ, ಡೋಸ್ ತೆಗೆದುಕೊಂಡ ದಿನ ಆಡಲಿ. 8ನೇ ಫ್ಯಾಕ್ಟರ್ ಮಟ್ಟ 8ರಿಂದ 12 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಬೆಳಿಗ್ಗೆ ಡೋಸ್ ಆದರೆ ಆಟವೂ ಅವತ್ತೇ ಬೆಳಿಗ್ಗೆ. ತೀವ್ರ ಹಿಮೋಫಿಲಿಯಾ ಎ ಇರುವ ಇಂಗ್ಲೆಂಡಿನ ಅಲೆಕ್ಸ್ ಡೌಸೆಟ್ 2015ರಲ್ಲಿ ಒಂದು ಗಂಟೆಯಲ್ಲಿ 52.937 ಕಿ.ಮೀ. ಸೈಕಲ್ ತುಳಿದು ವಿಶ್ವದಾಖಲೆ ಮಾಡಿದರು. ನಮ್ಮ ಹುಡುಗ ದಾಖಲೆ ಮಾಡಬೇಕಿಲ್ಲ, ಅಂಗಡಿಗೆ ಹೋಗಿ ಹಾಲು ತಂದರೆ ಸಾಕು. ಅಟ್ಟದ ಸೈಕಲ್ ಇಳಿಸಿ, ಜೊತೆಗೊಂದು ಹೆಲ್ಮೆಟ್ ಕೊಡಿಸಿ.

ಒಬ್ಬರೇ ಒದ್ದಾಡಬೇಡಿ

ದಾವಣಗೆರೆಯಲ್ಲಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಅವರಿಗೇ ಹಿಮೋಫಿಲಿಯಾ ಇದೆ. ರೋಗ ಓದಿ ತಿಳಿದವರಿಗೂ ಅದರ ಜೊತೆ ಬದುಕಿ ತಿಳಿದವರಿಗೂ ವ್ಯತ್ಯಾಸ ಇದೆ ಅಲ್ವಾ? ದೇಶದ ಮಟ್ಟದಲ್ಲಿ 1983ರಿಂದ ಹಿಮೋಫಿಲಿಯಾ ಫೆಡರೇಷನ್ ಇದೆ, ಊರೂರುಗಳಲ್ಲಿ ಅದರ ಶಾಖೆಗಳಿವೆ. ಇಂಥ ಕಡೆ ಸಿಗುವುದು ಬರೀ ಸಮಾಧಾನದ ಮಾತಲ್ಲ. ಮನೆಯಲ್ಲೇ ಸೂಜಿ ಹಾಕುವುದನ್ನು ಕಲಿಸುತ್ತಾರೆ. ಎಂಟನೇ ಕ್ಲಾಸಿನ ಹುಡುಗ ತನ್ನ ನರಕ್ಕೆ ತಾನೇ ಚುಚ್ಚಿಕೊಳ್ಳುವುದನ್ನು ಕಂಡರೆ ನಾಲ್ಕನೇ ಕ್ಲಾಸಿನವನ ಭಯ ಅರ್ಧ ಇಳಿಯುತ್ತದೆ. ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾವ ಆಸ್ಪತ್ರೆಗೆ ಸ್ಟಾಕ್ ಬಂದಿದೆ ಅನ್ನುವ ಸುದ್ದಿ ಮೊದಲು ಸಿಗುತ್ತದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಫ್ಯಾಕ್ಟರ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಆದರೂ ಫೋನ್ ಮಾಡಿ ವಿಚಾರಿಸಿಯೇ ಬಸ್ ಹತ್ತಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಹಿಮೋಫಿಲಿಯಾ ಸೇರಿದೆ. ಯು.ಡಿ.ಐ.ಡಿ. ಕಾರ್ಡ್‌ಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿ. ಚಿಕಿತ್ಸೆಗೆ ಹೋಗುವಾಗ ರೈಲಿನಲ್ಲಿ ರಿಯಾಯಿತಿಯೂ ಇದೆ, ಆಸ್ಪತ್ರೆಯ ಸರ್ಟಿಫಿಕೇಟ್ ಬೇಕು.

‘ಶಾಶ್ವತ ಪರಿಹಾರ’ ಅನ್ನುವ ಸುದ್ದಿ ಬಂದಾಗ

ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಯಲ್ಲಿ ತೀವ್ರ ಹಿಮೋಫಿಲಿಯಾ ಎ ಇರುವ ಐದು ಮಂದಿಗೆ ಜೀನ್ ಥೆರಪಿ ಕೊಟ್ಟ ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಅವರದೇ ರಕ್ತ ಹುಟ್ಟಿಸುವ ಕಾಂಡಕೋಶಗಳಿಗೆ 8ನೇ ಫ್ಯಾಕ್ಟರ್‌ನ ಜೀನ್ ಸೇರಿಸಿ ವಾಪಸ್ ಕೊಟ್ಟರು. ಆಮೇಲೆ ಐವರಿಗೂ ರಕ್ತಸ್ರಾವದ ತೊಂದರೆ ಕಾಣಲಿಲ್ಲ. ಸಂತೋಷದ ಸುದ್ದಿಯೇ. ಆದರೆ ಇಂಥದ್ದನ್ನು ಓದುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಎಷ್ಟು ಜನ, ಯಾವ ವಯಸ್ಸಿನವರು, ಅದಕ್ಕೆ ತೆತ್ತ ಬೆಲೆ ಏನು? ಇಲ್ಲಿ ಐದೇ ಜನ, ಎಲ್ಲರೂ ವಯಸ್ಕರು, ಕೋಶ ಕೊಡುವ ಮುಂಚೆ ಕೀಮೋಥೆರಪಿ ಬೇಕಾಯಿತು. ಮಗುವಿನ ಈ ವಾರದ ಡೋಸ್ ನಿಲ್ಲಿಸಲು ಇದು ಕಾರಣ ಆಗಬಾರದು.

ಅಕ್ಕತಂಗಿಯರ ಪರೀಕ್ಷೆ ಮರೆಯಬೇಡಿ

ಈ ರೋಗದ ಜೀನ್ ಎಕ್ಸ್ ಕ್ರೋಮೋಸೋಮ್‌ನಲ್ಲಿರುವುದರಿಂದ ಸಾಮಾನ್ಯವಾಗಿ ತಾಯಿಯ ಕಡೆಯಿಂದ ಬರುತ್ತದೆ. ಡಾಕ್ಟರ್ ‘ಸೋದರಮಾವನಿಗೆ ಹೀಗಿತ್ತಾ?’ ಅಂತ ಕೇಳುವುದು ಅದಕ್ಕೇ. ಆದರೆ ಮೂರರಲ್ಲಿ ಒಂದು ಪ್ರಕರಣದಲ್ಲಿ ಮನೆತನದಲ್ಲಿ ಯಾರಿಗೂ ಇರುವುದಿಲ್ಲ. ಸೊಸೆಯ ಕಡೆ ಬೆರಳು ತೋರಿಸುವ ಅತ್ತೆಯರಿಗೆ ಇದನ್ನು ಹೇಳಿ. ಹುಡುಗನ ಅಕ್ಕತಂಗಿಯರಿಗೂ ಚಿಕ್ಕಮ್ಮ ದೊಡ್ಡಮ್ಮಂದಿರಿಗೂ ಫ್ಯಾಕ್ಟರ್ ಮಟ್ಟ ಅಳೆಸಿ. ಕೆಲವರಲ್ಲಿ ಅದು ಕಡಿಮೆ ಇದ್ದು ಮುಟ್ಟಿನ ಸ್ರಾವ ವಿಪರೀತ ಆಗುತ್ತಿರುತ್ತದೆ, ಸುಮ್ಮನೆ ಸಹಿಸುತ್ತಿರುತ್ತಾರೆ. ಮಟ್ಟ ನಾರ್ಮಲ್ ಇದ್ದರೂ ಜೀನ್ ಇಲ್ಲ ಅಂತಲ್ಲ, ಅದನ್ನು ಹೇಳುವುದು ಜೀನ್ ಪರೀಕ್ಷೆ ಮಾತ್ರ. ಆ ಹುಡುಗಿ ಮುಂದೆ ಗರ್ಭಿಣಿಯಾದಾಗ ಹೆರಿಗೆ ಡಾಕ್ಟರಿಗೆ ಮುಂಚೆಯೇ ತಿಳಿಸಿದರೆ, ಮಗುವಿನ ತಲೆಗೆ ವ್ಯಾಕ್ಯೂಮ್, ಇಕ್ಕಳ ಹಾಕುವುದನ್ನು ತಪ್ಪಿಸುತ್ತಾರೆ. ಹೊಕ್ಕುಳಬಳ್ಳಿಯ ರಕ್ತದಲ್ಲೇ ಪರೀಕ್ಷೆಯೂ ಮುಗಿಯುತ್ತದೆ.